ಒತ್ತಡ ‘ನಾರ್ಮಲ್’ ಇದ್ದರೂ ಕಣ್ಣಿನ ನರಕೋಶ ಸಾಯ್ತಾ ಉಂಟು: ಗ್ಲಾಕೋಮಾದಲ್ಲಿ ನಿಜವಾಗಿ ಕಾಯುವುದು ಯಾವುದು?

ಪಡುಬಿದ್ರಿ_ಮನೆ

ಅಮ್ಮನಿಗೆ 64 ವರ್ಷ, ಎರಡೂ ಕಣ್ಣಿಗೆ ಓಪನ್ ಆಂಗಲ್ ಗ್ಲಾಕೋಮಾ, ಕಣ್ಣಿನ ನರ ನಿಧಾನವಾಗಿ ಸವೆಯುವ ಕಾಯಿಲೆ. ಫೈಲ್ ನೋಡಿ ಬರೀತಿದ್ದೇನೆ.

ಡ್ರಾಪ್ಸ್: ಲಟಾನೊಪ್ರೋಸ್ಟ್ ರಾತ್ರಿ, ಟಿಮೊಲಾಲ್ ಬೆಳಗ್ಗೆ ಮತ್ತು ರಾತ್ರಿ.
ಕಣ್ಣಿನೊಳಗಿನ ಒತ್ತಡ (ಮಿ.ಮೀ. ಪಾದರಸ): ಬಲ 16, ಎಡ 15. ಕಾರ್ನಿಯಾ ದಪ್ಪ 498 ಮತ್ತು 501 ಮೈಕ್ರಾನ್.
ಓಸಿಟಿಯಲ್ಲಿ (ಪದರದ ದಪ್ಪ ಅಳೆಯುವ ಸ್ಕ್ಯಾನ್) ನರದ ಪದರ ಸರಾಸರಿ: ಬಲ 66, ಎಡ 74 ಮೈಕ್ರಾನ್.
ಬಲಗಣ್ಣಿನ ಫೀಲ್ಡ್ ಟೆಸ್ಟ್ (ಸುತ್ತಲಿನ ನೋಟದ ಪರೀಕ್ಷೆ) ಎಂಡಿ, ಅಂದ್ರೆ ನೋಟ ಸರಾಸರಿ ಎಷ್ಟು ಡೆಸಿಬೆಲ್ ಕಡಿಮೆ ಅಂತ: ಎರಡು ವರ್ಷದ ಹಿಂದೆ ಮೈನಸ್ 7.2, ಈಗ ಮೈನಸ್ 8.9.
ಬಿಪಿ ಮಾತ್ರೆ ರಾತ್ರಿ ಊಟ ಆದ ಮೇಲೆ.

ಈ ಸಲ ಸಿಟಿಕೊಲಿನ್ ಮಾತ್ರೆ ಕೊಟ್ಟಿದ್ದಾರೆ, ನರಕ್ಕೆ ಒಳ್ಳೇದು ಅಂತ. ನೆಂಟರೊಬ್ಬರು ವಿಟಮಿನ್ ಬಿ3 ಶುರು ಮಾಡಿ ಅಂತಿದ್ದಾರೆ. ನನ್ನ ಪ್ರಶ್ನೆ ಎರಡು. ಒತ್ತಡ ನಾರ್ಮಲ್ ಇದ್ದೂ ನರ ಯಾಕೆ ಹಾಳಾಗ್ತಾ ಉಂಟು? ನರಕೋಶವನ್ನೇ ನೇರವಾಗಿ ಕಾಯುವ ಮದ್ದು ಅಂತ ಉಂಟಾ?

ಬಿಜೈ_ನೇತ್ರ (ಕಣ್ಣಿನ ವೈದ್ಯ)

ಮೊದಲು ಆ ‘ನಾರ್ಮಲ್’ ಪದವನ್ನು ಬದಿಗಿಡಿ. 10ರಿಂದ 21 ಎನ್ನುವುದು ರೋಗವಿಲ್ಲದ ಜನರ ಕಣ್ಣುಗಳನ್ನು ಅಳೆದು ಹಾಕಿದ ಲೆಕ್ಕ. ನಿಮ್ಮ ಅಮ್ಮನ ನರಕ್ಕೆ ಎಷ್ಟು ಒತ್ತಡ ತಡೆದುಕೊಳ್ಳಲು ಆಗುತ್ತದೆ ಎಂದು ಅದು ಹೇಳುವುದಿಲ್ಲ. 16ರಲ್ಲಿ ನರ ಇನ್ನೂ ಸವೆಯುತ್ತಿದೆ ಎಂದಾದರೆ ಆ ಕಣ್ಣಿಗೆ 16 ಜಾಸ್ತಿಯೇ. ಜೊತೆಗೆ 498 ಮೈಕ್ರಾನ್ ಎಂದರೆ ತೆಳು ಕಾರ್ನಿಯಾ. ತೆಳುವಾದ ಕಾರ್ನಿಯಾ ಮೇಲೆ ಒತ್ತಿ ಅಳೆದಾಗ ಯಂತ್ರ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತದೆ. ಎಷ್ಟು ಕಡಿಮೆ ಎಂದು ಕೂಡಿಸಿ ಕಳೆದು ಹೇಳುವ ನಂಬಿಕಸ್ಥ ಸೂತ್ರ ಇಲ್ಲ, ಅಂತರ್ಜಾಲದಲ್ಲಿ ಸಿಗುವ ಕೋಷ್ಟಕಗಳನ್ನು ಬಳಸಬೇಡಿ. ‘ನಿಜವಾದ ಒತ್ತಡ 16ಕ್ಕಿಂತ ಮೇಲೆಯೇ ಇರಬಹುದು’ ಎಂದು ಗ್ರಹಿಸಿದರೆ ಸಾಕು.

ಇನ್ನು ಸಾಯುತ್ತಿರುವುದು ಯಾವುದು ಎನ್ನುವುದು. ಅಕ್ಷಿಪಟಲದ (ರೆಟಿನಾ) ಒಳಪದರದಲ್ಲಿ ಗ್ಯಾಂಗ್ಲಿಯನ್ ಎಂಬ ನರಕೋಶಗಳಿವೆ. ಒಂದೊಂದು ಕೋಶದಿಂದ ಒಂದೊಂದು ಎಳೆ ಹೊರಟು, ಒಂದು ಕಣ್ಣಿನಿಂದ ಸುಮಾರು 10–12 ಲಕ್ಷ ಎಳೆ ಸೇರಿ ದೃಷ್ಟಿನರ ಆಗುತ್ತದೆ. ಈ ಎಳೆಗಳು ಕಣ್ಣುಗುಡ್ಡೆಯಿಂದ ಹೊರಬೀಳುವ ಜಾಗದಲ್ಲಿ ಜರಡಿಯಂಥ ಒಂದು ತಟ್ಟೆ ಇದೆ, ಲ್ಯಾಮಿನಾ ಕ್ರಿಬ್ರೋಸಾ. ಒಳಗಿನ ಒತ್ತಡಕ್ಕೆ ಆ ತಟ್ಟೆ ಹಿಂದಕ್ಕೆ ಬಾಗಿದಾಗ ತೂತುಗಳು ತಿರುಚಿಕೊಳ್ಳುತ್ತವೆ, ಒಳಗಿನ ಎಳೆ ಹಿಸುಕಿ ಹೋಗುತ್ತದೆ. ಎಳೆಯೊಳಗೆ ಎರಡೂ ದಿಕ್ಕಿಗೆ ಸಾಗಾಟ ನಡೆಯುತ್ತಿರುತ್ತದೆ: ಕೋಶದಿಂದ ಮೆದುಳಿನ ಕಡೆಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾ, ಮೆದುಳಿನಿಂದ ಕೋಶಕ್ಕೆ ಬಿಡಿಎನ್‌ಎಫ್‌ನಂಥ ಪೋಷಕ ಪ್ರೋಟೀನು. ಹಿಸುಕಿದ ಜಾಗದಲ್ಲಿ ಅದು ನಿಂತರೆ ಕೋಶ ಉಪವಾಸ ಬೀಳುತ್ತದೆ. ಆ ಭಾಗದ ಎಳೆಗೆ ಮಯಲಿನ್ ಹೊದಿಕೆಯೂ ಇಲ್ಲ, ಹಾಗಾಗಿ ಶಕ್ತಿಯ ಖರ್ಚು ಬೇರೆ ಕಡೆಗಿಂತ ಜಾಸ್ತಿ.

ಕೋಶ ಒಂದೇ ದಿನದಲ್ಲಿ ಸಾಯುವುದಿಲ್ಲ. ಮೊದಲು ಅದರ ಕವಲುಗಳು ಕುಗ್ಗುತ್ತವೆ, ಸಂಪರ್ಕ ಕಳಚುತ್ತದೆ, ಆಮೇಲೆ ಸಾವು. ಈ ನಡುವಿನ ಸ್ಥಿತಿಯಲ್ಲಿರುವ ಕೋಶಗಳನ್ನು ಉಳಿಸಿಕೊಳ್ಳಲು ನಮಗೆ ಅವಕಾಶ ಇದೆ. ಸತ್ತ ಮೇಲೆ ಇಲ್ಲ, ಮನುಷ್ಯರಲ್ಲಿ ಈ ಕೋಶ ಮತ್ತೆ ಹುಟ್ಟುವುದಿಲ್ಲ.

ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಮನುಷ್ಯರಲ್ಲಿ ಸಾಬೀತಾದ ನರರಕ್ಷಣೆ ಇವತ್ತಿಗೂ ಒಂದೇ, ಒತ್ತಡ ಇಳಿಸುವುದು. ಸ್ವೀಡನ್ನಿನಲ್ಲಿ ನಡೆದ ಅರ್ಲಿ ಮ್ಯಾನಿಫೆಸ್ಟ್ ಗ್ಲಾಕೋಮಾ ಟ್ರಯಲ್‌ನಲ್ಲಿ ಒತ್ತಡ 1 ಮಿ.ಮೀ. ಇಳಿದಾಗ ರೋಗ ಮುಂದುವರಿಯುವ ಅಪಾಯ ಸುಮಾರು 10% ಇಳಿದದ್ದು ಕಂಡುಬಂತು. ಒತ್ತಡ ಮೊದಲಿಂದಲೇ 21ರೊಳಗೆ ಇದ್ದವರಲ್ಲೂ 30% ಇಳಿಸಿದರೆ ಲಾಭ ಇದೆ ಎಂದು 1998ರಲ್ಲಿ ಬಂದ ನಾರ್ಮಲ್ ಟೆನ್ಷನ್ ಅಧ್ಯಯನ ತೋರಿಸಿತು. 2015ರ ಬ್ರಿಟನ್ ಅಧ್ಯಯನದಲ್ಲಿ ಬರೇ ಲಟಾನೊಪ್ರೋಸ್ಟ್ ಹಾಕಿದವರ ಫೀಲ್ಡ್, ಮದ್ದಿಲ್ಲದ ಖಾಲಿ ಡ್ರಾಪ್ಸ್ ಹಾಕಿದವರದ್ದಕ್ಕಿಂತ ಹೆಚ್ಚು ಉಳಿಯಿತು.

ಮಾತ್ರೆ ವಿಷಯಕ್ಕಿಂತ ಮೊದಲು ನಿಮ್ಮ ವೈದ್ಯರನ್ನು ಕೇಳಬೇಕಾದ ಪ್ರಶ್ನೆ: ‘ಬಲಗಣ್ಣಿಗೆ ಟಾರ್ಗೆಟ್ ಎಷ್ಟು?’ ಎಂದರೆ ಒತ್ತಡವನ್ನು ಎಲ್ಲಿಗೆ ಇಳಿಸಬೇಕು ಎನ್ನುವ ಗುರಿ. ಆ ಸಂಖ್ಯೆ ಫೈಲ್‌ನಲ್ಲಿ ಬರೆದಿರಬೇಕು. ರೋಗ ಮುಂದುವರಿಯುತ್ತಿರುವುದು ಖಚಿತವಾದರೆ ಈಗಿನ ಮಟ್ಟದಿಂದ ಇನ್ನೊಂದು 25–30% ಇಳಿಸಲು ನೋಡುತ್ತಾರೆ, ಎಂದರೆ 11–12ರ ಹತ್ತಿರ.

ಕಲ್ಸಂಕ_ಆಪ್ಟೊಮ್ (ಆಪ್ಟೊಮೆಟ್ರಿಸ್ಟ್)

ಸರ್ ಹೇಳಿದ ‘ಖಚಿತವಾದರೆ’ ಎನ್ನುವ ಶಬ್ದವನ್ನು ಹಿಡಿದು ಬರೀತೇನೆ. ಎರಡು ವರ್ಷದಲ್ಲಿ 1.7 ಡೆಸಿಬೆಲ್ ಹೋಗಿದೆ ಅಂದ್ರೆ ವರ್ಷಕ್ಕೆ 0.85. ವಯಸ್ಸಿಗೆ ಸಹಜವಾಗಿ ಹೋಗುವುದು ವರ್ಷಕ್ಕೆ 0.1ಕ್ಕಿಂತಲೂ ಕಡಿಮೆ. ಆದ್ರೆ ನೀವು ಹೇಳಿದ್ದು ಎರಡೇ ಟೆಸ್ಟ್. ಎರಡು ಬಿಂದು ಇಟ್ಟು ಗೆರೆ ಎಳೆಯಲಿಕ್ಕೆ ಆಗುವುದಿಲ್ಲ. ಹೊಸದಾಗಿ ಪತ್ತೆಯಾದವರಿಗೆ ಮೊದಲ ಎರಡು ವರ್ಷದಲ್ಲಿ ಆರು ಫೀಲ್ಡ್ ಬೇಕು ಅಂತ ಹೇಳುವುದು ಇದಕ್ಕೇ. ನಮ್ಮ ಕಡೆ ವರ್ಷಕ್ಕೆ ಒಂದು ಮಾಡಿಸಿ ಬಿಡ್ತಾರೆ, ವೇಗವಾಗಿ ಹೋಗುವ ಕಣ್ಣು ಅದರಲ್ಲಿ ತಪ್ಪಿ ಹೋಗ್ತದೆ.

ಆ ಎರಡೂ ಪ್ರಿಂಟ್ ತೆಗೆದು ಇವಿಷ್ಟು ನೋಡಿ:

ಮೇಲ್ಗಡೆ ಎಡಬದಿಯಲ್ಲಿ ಫಾಲ್ಸ್ ಪಾಸಿಟಿವ್ ಅಂತ ಉಂಟು. 15% ದಾಟಿದರೆ ಆ ಟೆಸ್ಟ್ ನಂಬಬೇಡಿ. ಬೆಳಕು ಕಾಣದೆಯೂ ಬಟನ್ ಒತ್ತಿದ್ದಾರೆ, ಫಲಿತಾಂಶ ಇದ್ದದ್ದಕ್ಕಿಂತ ಚೆನ್ನಾಗಿ ಬಂದಿರ್ತದೆ. ಫಿಕ್ಸೇಷನ್ ಲಾಸ್ ಜಾಸ್ತಿ ಇದ್ದರೆ ಕಣ್ಣು ಆಚೀಚೆ ಹೋಗಿದೆ. ರೆಪ್ಪೆ ಜೋತವರಿಗೆ ಮೇಲಿನ ಅಂಚು ಪೂರ್ತಿ ಕಪ್ಪಾಗಿ ಬರ್ತದೆ, ಅದು ಗ್ಲಾಕೋಮಾ ಅಲ್ಲ. ರೆಪ್ಪೆಯನ್ನು ಪ್ಲಾಸ್ಟರ್ ಹಾಕಿ ಎತ್ತಿ ಕಟ್ಟಿ ಇನ್ನೊಮ್ಮೆ ಮಾಡಬೇಕು. ಹತ್ತಿರದ ಪವರ್‌ನ ಲೆನ್ಸ್ ಹಾಕದೆ ಕೂರಿಸಿದರೆ ಎಲ್ಲಾ ಬಿಂದುಗಳೂ ಒಂದೇ ಸಮ ಕೆಳಗೆ ಹೋಗ್ತವೆ. ಎರಡು ಟೆಸ್ಟಿನ ನಡುವೆ ಪೊರೆ ಬೆಳೆದಿದ್ದರೂ ಹಾಗೇ, ಎಂಡಿ ಇಳೀತದೆ, ನರ ಹಾಗೇ ಇರ್ತದೆ. ಪೊರೆಯ ಲೆಕ್ಕ ಬಿಟ್ಟು ನೋಡಲಿಕ್ಕೆ ಪಕ್ಕದ ‘ಪ್ಯಾಟರ್ನ್ ಡೀವಿಯೇಷನ್’ ನಕ್ಷೆ ನೋಡಿ. ಅಲ್ಲಿ ಕಪ್ಪು ಚೌಕಗಳು ಮೊದಲಿದ್ದ ಜಾಗದ ಪಕ್ಕದಲ್ಲೇ ಹೆಚ್ಚಿದ್ದರೆ ಅದು ನಿಜವಾದ ಬದಲಾವಣೆ.

ಇನ್ನೊಂದು ಮುಖ್ಯ ವಿಷಯ. ಮಾಮೂಲಿ 24-2 ಟೆಸ್ಟಿನಲ್ಲಿ ಬಿಂದುಗಳ ನಡುವೆ 6 ಡಿಗ್ರಿ ಅಂತರ, ನಡುವಿನ 10 ಡಿಗ್ರಿಯೊಳಗೆ ಬೀಳುವುದು 12 ಬಿಂದು ಮಾತ್ರ. ಓದಲಿಕ್ಕೆ, ಮುಖ ಗುರುತು ಹಿಡಿಯಲಿಕ್ಕೆ ಬೇಕಾಗಿರುವುದು ಅದೇ ನಡುಭಾಗ. 10-2 ಅಂತ ಬೇರೆ ಟೆಸ್ಟ್ ಉಂಟು, 2 ಡಿಗ್ರಿ ಅಂತರದಲ್ಲಿ 68 ಬಿಂದು. ಮೈನಸ್ 8 ದಾಟಿದ ಕಣ್ಣಿಗೆ ಅದನ್ನು ಒಮ್ಮೆಯಾದರೂ ಕೇಳಿ ಮಾಡಿಸಿ.

ಪಡುಬಿದ್ರಿ_ಮನೆ

ಫಾಲ್ಸ್ ಪಾಸಿಟಿವ್ 4% ಮತ್ತು 7% ಉಂಟು. ಪೊರೆ ಸ್ವಲ್ಪ ಶುರುವಾಗಿದೆ ಅಂತ ಬರೆದಿದ್ದಾರೆ. ಮೂಗಿನ ಬದಿಯಲ್ಲಿ ಕಪ್ಪು ಚೌಕ ಜಾಸ್ತಿ ಆಗಿದ್ದು ಹೌದು. ಓಸಿಟಿ 66 ಅಂದ್ರೆ ಎಷ್ಟು ಕೆಟ್ಟದ್ದು?

ಕಲ್ಸಂಕ_ಆಪ್ಟೊಮ್

ಮೂಗಿನ ಬದಿ ಗ್ಲಾಕೋಮಾ ಮೊದಲು ಹಿಡಿಯುವ ಜಾಗಗಳಲ್ಲಿ ಒಂದು. ಹಾಗಾದ್ರೆ ಪೂರ್ತಿ ಪೊರೆಯ ಮೇಲೆ ಹಾಕಿ ಬಿಡ್ಲಿಕ್ಕಾಗುವುದಿಲ್ಲ. ಆರು ತಿಂಗಳು ಕಾಯದೆ ಒಂದೆರಡು ತಿಂಗಳಲ್ಲೇ ಇನ್ನೊಮ್ಮೆ ಫೀಲ್ಡ್ ಮಾಡಿಸಿ.

ಓಸಿಟಿಯಲ್ಲಿ ಆರೋಗ್ಯವಂತ ಕಣ್ಣಿನ ಸರಾಸರಿ 90–100 ಮೈಕ್ರಾನ್ ಆಸುಪಾಸು. ಆದ್ರೆ ಅದು ಸೊನ್ನೆಗೆ ಇಳಿಯುವುದಿಲ್ಲ. ಎಲ್ಲಾ ಎಳೆ ಹೋದರೂ ರಕ್ತನಾಳ ಮತ್ತು ಗ್ಲಿಯಾ ಎನ್ನುವ ಆಧಾರದ ಕೋಶಗಳು ಉಳಿದು 50–55ರ ಹತ್ತಿರ ನಿಂತುಬಿಡ್ತದೆ. ಅಲ್ಲಿಗೆ ಮುಟ್ಟಿದ ಮೇಲೆ ಓಸಿಟಿ ‘ಬದಲಾವಣೆ ಇಲ್ಲ’ ಅಂತಲೇ ತೋರಿಸ್ತದೆ, ಫೀಲ್ಡ್ ಮಾತ್ರ ಇಳೀತಾ ಹೋಗ್ತದೆ. 66ರಲ್ಲಿ ಇನ್ನು ಅಳೆಯಲಿಕ್ಕೆ ಜಾಗ ಕಡಿಮೆ, ಹಾಗಾಗಿ ಬಲಗಣ್ಣಿಗೆ ಫೀಲ್ಡ್ ಮುಖ್ಯ. ಎಡಗಣ್ಣಿಗೆ ಓಸಿಟಿ ಇನ್ನೂ ಉಪಯೋಗಕ್ಕೆ ಬರ್ತದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ಸರಾಸರಿಯಲ್ಲಿ 5 ಮೈಕ್ರಾನಿಗಿಂತ ಹೆಚ್ಚು ಇಳಿದರೆ ಗಮನ ಕೊಡಬೇಕು, 2–3ರ ವ್ಯತ್ಯಾಸ ಯಂತ್ರದ್ದೇ ಇರ್ತದೆ.

ಒಮ್ಮೆ ಮಣಿಪಾಲದಲ್ಲಿ, ಮತ್ತೊಮ್ಮೆ ಮಂಗಳೂರಿನಲ್ಲಿ ಮಾಡಿಸಿ ಎರಡನ್ನೂ ಹೋಲಿಸಬೇಡಿ. ಬೇರೆ ಬೇರೆ ಕಂಪನಿಯ ಯಂತ್ರ ಪದರದ ಅಂಚನ್ನು ಬೇರೆ ಬೇರೆ ಜಾಗದಲ್ಲಿ ಗುರುತಿಸ್ತದೆ. ಸಿಗ್ನಲ್ ಬಲ 10ರಲ್ಲಿ 6ಕ್ಕಿಂತ ಕಡಿಮೆ ಇದ್ದರೆ ಕಣ್ಣಿಗೆ ತೇವದ ಡ್ರಾಪ್ಸ್ ಹಾಕಿ ಮತ್ತೆ ತೆಗೆಸಿ. ಒಣಕಣ್ಣು ಮತ್ತು ಪೊರೆ ಎರಡೂ ಪದರವನ್ನು ತೆಳುವಾಗಿ ತೋರಿಸ್ತವೆ. ದೊಡ್ಡ ಮೈನಸ್ ಪವರ್ ಇದ್ದವರಿಗೆ ಕೆಂಪು ಬಣ್ಣ ಬಂದ ಮಾತ್ರಕ್ಕೆ ರೋಗ ಅಂತಲ್ಲ. ಯಂತ್ರದಲ್ಲಿರುವ ಹೋಲಿಕೆಯ ಪಟ್ಟಿಯಲ್ಲಿ ಅಂಥ ಕಣ್ಣುಗಳೇ ಕಡಿಮೆ.

ಮೆಡಿಕಲ್_ಕೌಂಟರ್ (ಫಾರ್ಮಸಿಸ್ಟ್)

ಟಾರ್ಗೆಟ್ ಇಳಿಸಲಿಕ್ಕೆ ಮೂರನೇ ಬಾಟ್ಲಿ ಬರೆಸುವ ಮೊದಲು, ಈಗ ಇರುವ ಎರಡು ಬಾಟ್ಲಿಯ ಮದ್ದು ಕಣ್ಣಿನೊಳಗೆ ಹೋಗ್ತಾ ಉಂಟಾ ಅಂತ ನೋಡಿ ಮಾರಾಯ್ರೆ. ಅಮ್ಮ ಹಾಕಿಕೊಳ್ಳುವುದನ್ನು ಪಕ್ಕದಲ್ಲಿ ನಿಂತು ಒಮ್ಮೆ ನೋಡಿ. ಹೆಚ್ಚಿನವರದ್ದು ಕೆನ್ನೆಗೆ ಬೀಳ್ತದೆ, ಇಲ್ಲಾ ಬಾಟ್ಲಿಯ ತುದಿ ರೆಪ್ಪೆಗೆ ತಾಗ್ತದೆ.

ಕ್ರಮ ಹೀಗೆ. ಕೈ ತೊಳೆದು ಮಲಗಿ, ಇಲ್ಲಾ ತಲೆ ಪೂರ್ತಿ ಹಿಂದೆ ಹಾಕಿ. ಎಡಗೈಯ ತೋರುಬೆರಳಿನಲ್ಲಿ ಕೆಳರೆಪ್ಪೆ ಎಳೆದು ಚೀಲದ ಹಾಗೆ ಮಾಡಿ. ಬಾಟ್ಲಿ ಹಿಡಿದ ಬಲಗೈಯನ್ನು ಹಣೆಯ ಮೇಲೆ ಊರಿ, ನಡುಕ ಇದ್ದರೂ ನಿಲ್ತದೆ. ಮೇಲೆ ನೋಡ್ತಾ ಒಂದೇ ಹನಿ. ಕಣ್ಣು ಮೆಲ್ಲ ಮುಚ್ಚಿ, ಪಿಳಿಪಿಳಿ ಮಾಡಬಾರದು. ಮೂಗಿನ ಬುಡ ಮತ್ತು ಕಣ್ಣು ಸೇರುವ ಮೂಲೆಯನ್ನು ಬೆರಳಿನಿಂದ 2 ನಿಮಿಷ ಒತ್ತಿ ಹಿಡೀಬೇಕು. ಇಲ್ಲದಿದ್ರೆ ಮದ್ದು ಕಣ್ಣೀರಿನ ನಾಳದಲ್ಲಿ ಮೂಗಿಗೆ ಇಳಿದು ರಕ್ತಕ್ಕೆ ಸೇರ್ತದೆ. ಟಿಮೊಲಾಲ್‌ನಲ್ಲಿ ಇದು ಸಣ್ಣ ವಿಷಯ ಅಲ್ಲ. ದಮ್ಮು ಇದ್ದವರಿಗೆ ಉಬ್ಬಸ ಬರ್ತದೆ, ನಾಡಿ ನಿಧಾನ ಆಗ್ತದೆ. ಅಮ್ಮನಿಗೆ ಆಸ್ತಮಾ ಇದ್ದರೆ ಈ ಡ್ರಾಪ್ಸ್ ಹಾಕಲೇಬಾರದು.

ಒಂದು ಹನಿ ಅಂದ್ರೆ 30–50 ಮೈಕ್ರೊಲೀಟರ್. ಕಣ್ಣಲ್ಲಿ ಅಷ್ಟು ನಿಲ್ಲುವುದೇ ಇಲ್ಲ. ಎರಡು ಹನಿ ಹಾಕಿದ್ರೆ ಎರಡನೆಯದ್ದು ಪೂರ್ತಿ ಹೊರಗೆ ಬರ್ತದೆ, ದುಡ್ಡೂ ಹೋಯ್ತು. ಎರಡು ಬೇರೆ ಮದ್ದಿನ ನಡುವೆ ಕನಿಷ್ಠ 5 ನಿಮಿಷ ಬಿಡಿ.

ಲಟಾನೊಪ್ರೋಸ್ಟ್ ಬಾಟ್ಲಿ 2.5 ಎಂಎಲ್, ಹೆಚ್ಚುಕಡಿಮೆ 80 ಹನಿ. ಎರಡು ಕಣ್ಣಿಗೆ ದಿನಕ್ಕೊಂದರಂತೆ ತಿಂಗಳಿಗೆ 60 ಸಾಕು. 20ನೇ ದಿನಕ್ಕೇ ಖಾಲಿ ಆದರೆ ಹನಿ ಹೊರಗೆ ಹೋಗ್ತಾ ಉಂಟು. 50 ದಿನ ಬಂದರೆ ಹಾಕಲಿಕ್ಕೆ ಮರೀತಾ ಇದ್ದಾರೆ. ಬಾಟ್ಲಿ ತೆರೆದ ದಿನವನ್ನು ಅದರ ಮೇಲೆಯೇ ಪೆನ್ನಿನಲ್ಲಿ ಬರೆದಿಡಿ, ಎರಡೂ ಗೊತ್ತಾಗ್ತದೆ.

ಇಡುವ ಜಾಗವೂ ನೋಡಿಕೊಳ್ಳಿ. ಸಾಮಾನ್ಯ ಲಟಾನೊಪ್ರೋಸ್ಟ್ ತೆರೆಯುವವರೆಗೆ 2ರಿಂದ 8 ಡಿಗ್ರಿಯಲ್ಲಿ ಇರಬೇಕು, ತೆರೆದ ಮೇಲೆ 25 ಡಿಗ್ರಿವರೆಗೆ ಸರಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್‌ನಲ್ಲಿ ಮನೆಯೊಳಗೇ 33–34 ಇರ್ತದೆ, ಹಾಗಾಗಿ ತೆರೆದದ್ದನ್ನೂ ಫ್ರಿಜ್ಜಿನ ಬಾಗಿಲಲ್ಲೇ ಇಡುವುದು ಒಳ್ಳೇದು. ಫ್ರೀಜರಿನಲ್ಲಿ ಬೇಡ, ಟಿವಿ ಮೇಲೆ ಬೇಡ, ಕಾರಿನಲ್ಲಂತೂ ಬೇಡವೇ ಬೇಡ. ತೆರೆದ ಮೇಲೆ ಕೆಲವು ಕಂಪನಿಯದ್ದು 4 ವಾರ, ಕೆಲವು 6 ವಾರ, ಲೇಬಲ್ ನೋಡಿ. ಫ್ರಿಜ್ ಇಲ್ಲದವರಿಗೆ ಹೊರಗೆ ಇಡಬಹುದಾದ ತಯಾರಿಕೆಯೂ ಬರ್ತದೆ, ಅಂಗಡಿಯಲ್ಲಿ ಕೇಳಿ.

ಮಲ್ಪೆ_ಬಂದರು

ನಮ್ಮ ಕಡೆ ಕಣ್ಣಿಗೆ ಜೇನು ಬಿಡ್ತಾರೆ. ನರಕ್ಕೆ ಒಳ್ಳೇದಾ?

ಬಿಜೈ_ನೇತ್ರ

ಬೇಡ. ದೃಷ್ಟಿನರಕ್ಕೆ ಅದು ತಲುಪುವುದೇ ಇಲ್ಲ, ಕಾರ್ನಿಯಾಕ್ಕೆ ಸೋಂಕು ತಗಲುವ ಅಪಾಯ ಮಾತ್ರ ಇದೆ.

ಬೆಂಚ್_ವರ್ಕ್ (ಅಕ್ಷಿಪಟಲ ಸಂಶೋಧನೆ)

ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ಪ್ರಾಣಿಗಳಲ್ಲಿ ಗ್ಯಾಂಗ್ಲಿಯನ್ ಕೋಶ ಉಳಿಸಿದ ಮದ್ದುಗಳ ಪಟ್ಟಿ ಬಹಳ ಉದ್ದ ಇದೆ. ಮನುಷ್ಯರಲ್ಲಿ ಅದು ಹೇಗೆ ಕರಗಿಹೋಯಿತು ಎನ್ನುವುದಕ್ಕೆ ಮೆಮಾಂಟಿನ್ ನೋಡಿ. ಸಾಯುವ ಕೋಶ ಗ್ಲುಟಮೇಟ್ ಚೆಲ್ಲಿ ಪಕ್ಕದ ಕೋಶವನ್ನೂ ಕೊಲ್ಲುತ್ತದೆ, ಗ್ಲುಟಮೇಟ್ ಹಿಡಿಯುವ ಗ್ರಾಹಕವನ್ನು ಈ ಮದ್ದಿನಿಂದ ಮುಚ್ಚಿದರೆ ಉಳಿಸಬಹುದು ಎನ್ನುವ ತರ್ಕ. ಇಲಿಯಲ್ಲಿ ಆಯಿತು, ಕೋತಿಯಲ್ಲಿ ಆಯಿತು. ಎರಡು ದೊಡ್ಡ ಮೂರನೇ ಹಂತದ ಪ್ರಯೋಗ, 2,000ಕ್ಕೂ ಹೆಚ್ಚು ರೋಗಿಗಳು, 4 ವರ್ಷ. 2018ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಖಾಲಿ ಮಾತ್ರೆಗಿಂತ ಮೇಲು ಎಂದು ತೋರಿಸಲು ಆಗಲಿಲ್ಲ. ಕಾರಣ ಒಂದೇ ಅಲ್ಲ. ಇಲಿಯ ನರವನ್ನು ಚಿಮಟದಿಂದ ಹಿಸುಕಿದರೆ ಎರಡು ವಾರದಲ್ಲಿ ಹೆಚ್ಚಿನ ಕೋಶ ಸಾಯುತ್ತವೆ, ಮನುಷ್ಯನಲ್ಲಿ ಇದೇ ಕೆಲಸಕ್ಕೆ ಹತ್ತಾರು ವರ್ಷ. ಎರಡರ ದಾರಿ ಬೇರೆ. ಜೊತೆಗೆ ಪ್ರಯೋಗದಲ್ಲಿದ್ದ ರೋಗಿಗಳಿಗೆ ಒತ್ತಡದ ಚಿಕಿತ್ಸೆಯೂ ನಡೆಯುತ್ತಿರುತ್ತದೆ. ರೋಗ ನಿಧಾನ ಆದ ಮೇಲೆ ಉಳಿಯುವ ಸಣ್ಣ ವ್ಯತ್ಯಾಸವನ್ನು ಫೀಲ್ಡ್ ಟೆಸ್ಟಿನಂಥ ಏರಿಳಿತದ ಅಳತೆಯಲ್ಲಿ ಹಿಡಿಯುವುದು ಕಷ್ಟ.

ಸಿಟಿಕೊಲಿನ್: ಸಣ್ಣ ಅಧ್ಯಯನಗಳಲ್ಲಿ ಅಕ್ಷಿಪಟಲದ ವಿದ್ಯುತ್ ಸಂಕೇತ ಸುಧಾರಿಸಿದೆ, ಇಟಲಿಯಲ್ಲಿ ಡ್ರಾಪ್ಸ್ ರೂಪದಲ್ಲೂ ಬಳಸುತ್ತಾರೆ. ದೊಡ್ಡ ಅಪಾಯವೂ ಇಲ್ಲ, ದೊಡ್ಡ ಸಾಕ್ಷ್ಯವೂ ಇಲ್ಲ. ತಿಂಗಳ ಖರ್ಚು ನಿಭಾಯಿಸಲು ಆಗುವವರು ತೆಗೆದುಕೊಳ್ಳಲಿ. ಆ ಖರ್ಚಿನಿಂದಾಗಿ ಲಟಾನೊಪ್ರೋಸ್ಟ್ ಬಾಟ್ಲಿ ಒಂದು ವಾರ ತಡವಾಗುವ ಮನೆಯಲ್ಲಿ ಮಾತ್ರೆಯನ್ನೇ ಬಿಡಬೇಕು. ಇದರಲ್ಲಿ ನನಗೆ ಎರಡು ಮಾತಿಲ್ಲ.

ವಿಟಮಿನ್ ಬಿ3: ಇದರಲ್ಲಿ ಆಸಕ್ತಿ ಇಡಲು ಕಾರಣ ಇದೆ. ವಯಸ್ಸಾದಂತೆ ಅಕ್ಷಿಪಟಲದಲ್ಲಿ ಎನ್‌ಎಡಿ (ಕೋಶ ಶಕ್ತಿ ತಯಾರಿಸಲು ಬಳಸುವ ಅಣು) ಕಡಿಮೆಯಾಗುತ್ತದೆ, ಕೋಶದ ಮೈಟೊಕಾಂಡ್ರಿಯಾ ಸೋಲುತ್ತದೆ. ಬಿ3ಯ ಒಂದು ರೂಪವಾದ ನಿಕೋಟಿನಮೈಡ್ ಕೊಟ್ಟಾಗ ಗ್ಲಾಕೋಮಾ ಬರುವ ತಳಿಯ ಇಲಿಗಳಲ್ಲಿ ನರ ಉಳಿಯಿತು ಎಂದು 2017ರಲ್ಲಿ ಬಂತು. 2020ರಲ್ಲಿ 57 ರೋಗಿಗಳಿಗೆ ದಿನಕ್ಕೆ 1.5 ಗ್ರಾಂ ಆರು ವಾರ, ಆಮೇಲೆ 3 ಗ್ರಾಂ ಆರು ವಾರ ಕೊಟ್ಟು ನೋಡಿದಾಗ ಒಳಪದರದ ಕೆಲಸ ಸುಧಾರಿಸಿತು. ಆದರೆ ಮೂರೇ ತಿಂಗಳಲ್ಲಿ ಕಂಡ ಸುಧಾರಣೆ, ವರ್ಷಗಟ್ಟಲೆ ದೃಷ್ಟಿ ಉಳಿಯುತ್ತದೆ ಎನ್ನುವುದಕ್ಕೆ ಪುರಾವೆ ಆಗುವುದಿಲ್ಲ. ದೊಡ್ಡ ಪ್ರಯೋಗಗಳು ಸ್ವೀಡನ್ ಮತ್ತು ಬ್ರಿಟನ್‌ನಲ್ಲಿ ಶುರುವಾಗಿವೆ.

ಅಪಾಯ ಎಲ್ಲಿ ಎಂದರೆ ಪ್ರಮಾಣದಲ್ಲಿ. ದಿನದ ಅಗತ್ಯ 14–18 ಮಿ.ಗ್ರಾಂ ಇರುವಾಗ 3 ಗ್ರಾಂ ಎನ್ನುವುದು ಸುಮಾರು 200 ಪಟ್ಟು. ಲಿವರಿಗೆ ಪೆಟ್ಟು ಬಿದ್ದ ಪ್ರಕರಣ ವರದಿಯಾಗಿದೆ. ಲಿವರ್ ಪರೀಕ್ಷೆ ಇಲ್ಲದೆ, ವೈದ್ಯರಿಗೆ ಹೇಳದೆ ಇದನ್ನು ಶುರು ಮಾಡಬೇಡಿ. ಅಂಗಡಿಯಲ್ಲಿ ‘ನಯಾಸಿನ್’ ಎಂದು ಕೊಟ್ಟರೆ ಅದು ನಿಕೋಟಿನಿಕ್ ಆಸಿಡ್, ಬಿ3ಯದ್ದೇ ಇನ್ನೊಂದು ರೂಪ, ಆದರೆ ಬೇರೆ ವಸ್ತು. ಮುಖ ಕೆಂಪಾಗಿ ಉರಿಯುತ್ತದೆ, ದೊಡ್ಡ ಪ್ರಮಾಣದಲ್ಲಿ ಅಕ್ಷಿಪಟಲದ ನಡುಭಾಗವೇ ಊದಿಕೊಳ್ಳಬಹುದು.

ಗಿಂಕ್ಗೊ (ಒಂದು ಮರದ ಎಲೆಯ ಸಾರ): ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರು ದೂರ ಇರಿ.

ಬಿಜೈ_ನೇತ್ರ

ಒತ್ತಡ ಇಳಿಸುವ ಇನ್ನೊಂದು ಡ್ರಾಪ್ಸ್, ಬ್ರಿಮೊನಿಡಿನ್ ಬಿಟ್ಟಿರಲ್ಲ ಸರ್. 2011ರಲ್ಲಿ ಬಂದ ಅಧ್ಯಯನದಲ್ಲಿ ಎರಡೂ ಗುಂಪಿನ ಒತ್ತಡ ಒಂದೇ ಇದ್ದರೂ ಟಿಮೊಲಾಲ್ ಗುಂಪಿನಲ್ಲಿ 39% ಜನರ ಫೀಲ್ಡ್ ಕೆಟ್ಟಿತು, ಬ್ರಿಮೊನಿಡಿನ್ ಗುಂಪಿನಲ್ಲಿ 9%. ಒತ್ತಡ ಸಮ ಇದ್ದೂ ಇಷ್ಟು ಅಂತರ ಎಂದರೆ ನೇರ ನರರಕ್ಷಣೆಗೆ ಇದಕ್ಕಿಂತ ಹತ್ತಿರದ ಸಾಕ್ಷ್ಯ ಮನುಷ್ಯರಲ್ಲಿ ಇಲ್ಲ.

ಬೆಂಚ್_ವರ್ಕ್

ಗೊತ್ತಿದ್ದೇ ಬಿಟ್ಟೆ ಸರ್, ಏಕೆಂದರೆ ನನಗೆ ಅದರ ಮೇಲೆ ಪೂರ್ತಿ ನಂಬಿಕೆ ಬಂದಿಲ್ಲ. ಅಲರ್ಜಿ ಬಂದು ಬ್ರಿಮೊನಿಡಿನ್ ಗುಂಪಿನಿಂದ ಬಹಳ ಮಂದಿ ಅರ್ಧದಲ್ಲೇ ಹೊರಬಿದ್ದರು. ಉಳಿದವರನ್ನು ಮಾತ್ರ ಎಣಿಸಿದಾಗ ಚಿತ್ರ ಚೆಂದ ಕಾಣಬಹುದು. ಇನ್ನೊಂದು ಸಾಧ್ಯತೆ, ಬ್ರಿಮೊನಿಡಿನ್ ಕಾಯಲಿಲ್ಲ, ಟಿಮೊಲಾಲ್ ರಾತ್ರಿ ಬಿಪಿ ಇಳಿಸಿ ನರಕ್ಕೆ ರಕ್ತ ಕಡಿಮೆ ಮಾಡಿತು. ಎರಡರಲ್ಲಿ ಯಾವುದು ಎಂದು ಆ ಅಧ್ಯಯನದಿಂದ ಬಿಡಿಸಲು ಬರುವುದಿಲ್ಲ.

ಬಿಜೈ_ನೇತ್ರ

ಹೊರಬಿದ್ದವರ ವಿಷಯ ಒಪ್ಪುತ್ತೇನೆ. ಆದರೆ ಎರಡನೇ ಸಾಧ್ಯತೆ ನಿಜವೇ ಆದರೂ ಈ ಅಮ್ಮನ ಮಟ್ಟಿಗೆ ತೀರ್ಮಾನ ಒಂದೇ: ರಾತ್ರಿಯ ಟಿಮೊಲಾಲ್ ಹನಿಯನ್ನು ಪ್ರಶ್ನಿಸಬೇಕು. ನಿದ್ದೆಯಲ್ಲಿ ಕಣ್ಣಿನೊಳಗಿನ ದ್ರವದ ಉತ್ಪತ್ತಿ ತಾನಾಗಿಯೇ ಇಳಿದಿರುತ್ತದೆ. ಉತ್ಪತ್ತಿಯನ್ನು ತಡೆಯುವ ಟಿಮೊಲಾಲ್‌ಗೆ ಆಗ ಮಾಡಲು ಕೆಲಸವೇ ಇಲ್ಲ. ಒತ್ತಡ ಇಳಿಸುವುದಿಲ್ಲ, ಬಿಪಿ ಮಾತ್ರ ಇಳಿಸುತ್ತದೆ. ಅದರ ಮೇಲೆ ಬಿಪಿ ಮಾತ್ರೆಯೂ ರಾತ್ರಿಯೇ.

ಮೆಡಿಸಿನ್_ದೇರಳಕಟ್ಟೆ (ಫಿಸಿಷಿಯನ್)

ಇದನ್ನು ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬೇಡಿ. ಬೆಳಗ್ಗೆಗೆ ಬದಲಿಸುವುದೂ ಕೊಟ್ಟವರನ್ನು ಕೇಳಿಯೇ ಆಗಬೇಕು, ಕೆಲವರಿಗೆ ರಾತ್ರಿ ಕೊಡಲು ಕಾರಣ ಇರುತ್ತದೆ. ಮಾಡಿಸಬೇಕಾದ್ದು 24 ಗಂಟೆಯ ಬಿಪಿ ದಾಖಲೆ. ತೋಳಿಗೆ ಪಟ್ಟಿ ಕಟ್ಟಿ ಕಳಿಸುತ್ತಾರೆ, ರಾತ್ರಿಯೂ ತಾನಾಗಿ ಅಳೆಯುತ್ತದೆ. ಹಗಲಿಗಿಂತ ರಾತ್ರಿ 10–20% ಇಳಿಯುವುದು ಸಹಜ. 20% ದಾಟಿ ಇಳಿಯುತ್ತಿದ್ದರೆ ಮತ್ತು ಗ್ಲಾಕೋಮಾ ಮುಂದುವರಿಯುತ್ತಿದ್ದರೆ ಮಾತ್ರೆಯ ಹೊತ್ತು, ಪ್ರಮಾಣ ಎರಡನ್ನೂ ತಿದ್ದಬೇಕು. ಜೋರು ಗೊರಕೆ, ಹಗಲು ತೂಕಡಿಕೆ ಇದ್ದರೆ ನಿದ್ದೆಯಲ್ಲಿ ಉಸಿರು ನಿಲ್ಲುವ ತೊಂದರೆಯನ್ನೂ ನೋಡಿಸಿ.

ಒತ್ತಡಕ್ಕೆ ಸಂಬಂಧವೇ ಇಲ್ಲದೆ ಇದೇ ಗ್ಯಾಂಗ್ಲಿಯನ್ ಕೋಶಗಳನ್ನು ಕೊಲ್ಲುವ ಒಂದು ಮದ್ದಿನ ಬಗ್ಗೆ ಇಲ್ಲಿ ಹೇಳಲೇಬೇಕು. ಕ್ಷಯಕ್ಕೆ ಕೊಡುವ ಇಥಾಂಬುಟಾಲ್. ನಮ್ಮ ದೇಶದ ಈಗಿನ ಕ್ರಮದಲ್ಲಿ ಅದು ಮೊದಲ ಎರಡು ತಿಂಗಳಿಗೆ ಮುಗಿಯುವುದಿಲ್ಲ, ಮುಂದಿನ ನಾಲ್ಕು ತಿಂಗಳೂ ಇರುತ್ತದೆ. ಸಂಯುಕ್ತ ಮಾತ್ರೆ ಒಂದರಲ್ಲಿ 275 ಮಿ.ಗ್ರಾಂ. 52 ಕೆಜಿಯವರಿಗೆ 4 ಮಾತ್ರೆ ಎಂದರೆ 1100 ಮಿ.ಗ್ರಾಂ, ಕೆಜಿಗೆ 21. ಪ್ರಮಾಣ ಏರಿದಷ್ಟು, ದಿನ ಕಳೆದಷ್ಟು ಅಪಾಯ ಜಾಸ್ತಿ. ಮೂತ್ರಪಿಂಡದ ಮೂಲಕ ಹೊರಹೋಗುವ ಮದ್ದಾದ್ದರಿಂದ ಕಿಡ್ನಿ ದುರ್ಬಲ ಇದ್ದವರಲ್ಲಿ ಶೇಖರ ಆಗುತ್ತದೆ. ತೊಂದರೆ ಸಾಮಾನ್ಯವಾಗಿ ಎರಡು ತಿಂಗಳ ನಂತರ ಕಾಣುತ್ತದೆ: ನಡುದೃಷ್ಟಿ ಮಸುಕು, ಕೆಂಪು ಬಣ್ಣ ಬಾಡಿದಂತೆ ಕಾಣುವುದು, ನೋವು ಇಲ್ಲ. ಚಿಕಿತ್ಸೆ ಶುರು ಮಾಡುವ ಮೊದಲೇ ದೃಷ್ಟಿ ಮತ್ತು ಬಣ್ಣದ ಪುಸ್ತಕದ ಪರೀಕ್ಷೆ ಬರೆಸಿಟ್ಟು, ತಿಂಗಳಿಗೊಮ್ಮೆ ಹೋಲಿಸಿ. ಮನೆಯಲ್ಲಿ ಒಂದೊಂದೇ ಕಣ್ಣು ಮುಚ್ಚಿ ದಿನಪತ್ರಿಕೆಯ ಸಣ್ಣ ಅಕ್ಷರ ಓದಿ ನೋಡಿ. ವ್ಯತ್ಯಾಸ ಕಂಡ ದಿನವೇ ವೈದ್ಯರಿಗೆ ತಿಳಿಸಿ. ಇಥಾಂಬುಟಾಲ್ ನಿಲ್ಲಿಸಿ ಬೇರೆ ಜೋಡಣೆ ಮಾಡುವುದು ಅವರ ಕೆಲಸ, ಉಳಿದ ಕ್ಷಯದ ಮದ್ದನ್ನು ತಾವೇ ಬಿಡಬಾರದು.

ಬಿ12 ಕೊರತೆಯೂ ಹೀಗೇ ನಡುದೃಷ್ಟಿಯನ್ನು ತಿನ್ನುತ್ತದೆ. ಶುದ್ಧ ಸಸ್ಯಾಹಾರಿಗಳು, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರು ರಕ್ತದಲ್ಲಿ ನೋಡಿಸಿ.

ಮೆಡಿಕಲ್_ಕೌಂಟರ್

ಇನ್ನೊಂದು ಸೇರಿಸ್ತೇನೆ, ಸ್ಟಿರಾಯ್ಡ್. ಕೆಂಗಣ್ಣಿಗೆ, ತುರಿಕೆಗೆ ಅಂತ ಚೀಟಿ ಇಲ್ಲದೆ ಡೆಕ್ಸಾಮೆಥಾಸೋನ್ ಸೇರಿದ ಡ್ರಾಪ್ಸ್ ತಗೊಂಡು, ಆರಾಮ ಆಯ್ತು ಅಂತ ತಿಂಗಳುಗಟ್ಟಲೆ ಬಿಡ್ತಾರೆ. ಅಲರ್ಜಿ ಕಣ್ಣಿನ ಮಕ್ಕಳಲ್ಲಿ ಇದು ತುಂಬಾ ಉಂಟು. ಬಾಟ್ಲಿ ಮೇಲೆ ಡೆಕ್ಸಾ, ಪ್ರೆಡ್ನಿಸೊಲೋನ್, ಬೀಟಾಮೆಥಾಸೋನ್, ಲೊಟೆಪ್ರೆಡ್ನಾಲ್ ಅಂತ ಇದ್ದರೆ ಸ್ಟಿರಾಯ್ಡ್.

ಬಿಜೈ_ನೇತ್ರ

ಹೌದು. ಸುಮಾರು ಮೂರರಲ್ಲಿ ಒಬ್ಬರಿಗೆ ಸ್ಟಿರಾಯ್ಡ್ ಡ್ರಾಪ್ಸ್‌ನಿಂದ ಒತ್ತಡ ಏರುತ್ತದೆ, 4–6% ಜನರಲ್ಲಿ ಬಹಳವೇ ಏರುತ್ತದೆ. ಎರಡರಿಂದ ಆರು ವಾರ ಸಾಕು. ಕಣ್ಣು ಕೆಂಪಗಿರುವುದಿಲ್ಲ, ನೋಯುವುದಿಲ್ಲ, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಬೇಗ ನಿಲ್ಲಿಸಿದರೆ ಒತ್ತಡ ಇಳಿಯುತ್ತದೆ, ಅಷ್ಟರೊಳಗೆ ಹೋದ ನರ ಹೋಯಿತು. ರೆಪ್ಪೆಗೆ ಹಚ್ಚುವ ಮುಲಾಮಿನಿಂದಲೂ ಏರಬಹುದು. ಗ್ಲಾಕೋಮಾ ಇರುವವರ ಮಕ್ಕಳಿಗೂ ಒಡಹುಟ್ಟಿದವರಿಗೂ ಈ ಅಪಾಯ ಉಳಿದವರಿಗಿಂತ ಜಾಸ್ತಿ.

ಕುಂದಾಪುರ_ಯೋಗ

ಆಸನ ಕಲಿಸುವವರು ಏನು ಎಚ್ಚರ ವಹಿಸಬೇಕು? ಬೆಳಗ್ಗೆ ಎದ್ದ ಕೂಡಲೇ ಒಂದು ಲೀಟರ್ ನೀರು ಕುಡಿಯುವುದರ ಬಗ್ಗೆಯೂ ಹೇಳಿ.

ಕಲ್ಸಂಕ_ಆಪ್ಟೊಮ್

ಶೀರ್ಷಾಸನದಲ್ಲಿ ಕಣ್ಣಿನ ಒತ್ತಡ ಎರಡರಷ್ಟಾಗ್ತದೆ ಅಂತ ನಮ್ಮ ದೇಶದಲ್ಲೇ ಅಳೆದು ತೋರಿಸಿದ್ದಾರೆ. ಗ್ಲಾಕೋಮಾ ಇದ್ದವರಿಗೆ ಶೀರ್ಷಾಸನ, ಸರ್ವಾಂಗಾಸನ, ತಲೆ ಕೆಳಗೆ ಹೋಗುವ ಯಾವುದೂ ಬೇಡ. ಅಧೋಮುಖ ಶ್ವಾನಾಸನದಲ್ಲೂ ಏರ್ತದೆ. ಕೂತು ಮಾಡುವ ಆಸನ, ನಿಧಾನ ಉಸಿರಾಟ, ವೇಗದ ನಡಿಗೆ ಒಳ್ಳೇದು. ಉಸಿರು ಬಿಗಿ ಹಿಡಿದು ಭಾರ ಎತ್ತುವುದು ಬೇಡ.

ನೀರು ಬಿಡಬೇಕಂತ ಇಲ್ಲ. ಕೆಜಿಗೆ 10 ಎಂಎಲ್ ನೀರನ್ನು 5 ನಿಮಿಷದಲ್ಲಿ ಕುಡಿಸಿ ಒತ್ತಡ ಏರುವುದನ್ನು ನೋಡುವ ಪರೀಕ್ಷೆಯೇ ಉಂಟು. ಅದೇ ಲೀಟರನ್ನು ಒಂದೆರಡು ಗಂಟೆಯಲ್ಲಿ ಹಂಚಿ ಕುಡಿದರೆ ಆಯ್ತು. ಕವುಚಿ ಮಲಗಿದರೆ ದಿಂಬು ಕಣ್ಣನ್ನು ಒತ್ತುತ್ತದೆ, ಹೆಚ್ಚು ಕೆಟ್ಟಿರುವ ಕಣ್ಣಿನ ಬದಿ ಕೆಳಗೆ ಮಾಡಿ ಮಲಗುವುದೂ ಬೇಡ.

ಪಡುಬಿದ್ರಿ_ಮನೆ

ಎಲ್ಲರಿಗೂ ದೊಡ್ಡ ಉಪಕಾರ ಆಯ್ತು. ಅಮ್ಮನಿಗೆ ಮೂರನೇ ಡ್ರಾಪ್ಸ್ ಬದಲಿಗೆ ಲೇಸರ್ ಆಗ್ತದಾ? ಅಮ್ಮನ ತಂಗಿ ಇಬ್ಬರಿದ್ದಾರೆ, ಅವರು ಯಾವತ್ತೂ ತೋರಿಸಿಲ್ಲ.

ಬಿಜೈ_ನೇತ್ರ

ಆಗಬಹುದು. ಎಸ್‌ಎಲ್‌ಟಿ ಎನ್ನುತ್ತಾರೆ. ದ್ರವ ಹೊರಹೋಗುವ ಜಾಲರಿಗೆ ಸುತ್ತಲೂ ನೂರರಷ್ಟು ಸಣ್ಣ ಹೊಡೆತ, ಒಂದು ಕಣ್ಣಿಗೆ ಹತ್ತು ನಿಮಿಷ, ಕೊಯ್ಯುವುದು ಇಲ್ಲ, ಅದೇ ದಿನ ಮನೆಗೆ. 2019ರ ಬ್ರಿಟನ್ ಪ್ರಯೋಗದಲ್ಲಿ ಮೊದಲ ಚಿಕಿತ್ಸೆಯಾಗಿ ಲೇಸರ್ ಮಾಡಿಸಿಕೊಂಡವರಲ್ಲಿ 74% ಜನ ಮೂರು ವರ್ಷ ಡ್ರಾಪ್ಸ್ ಇಲ್ಲದೆಯೇ ಟಾರ್ಗೆಟ್‌ನಲ್ಲಿ ಇದ್ದರು. ಆದರೆ ಅವರದ್ದು ಆರಂಭದ ರೋಗ. ಈಗಾಗಲೇ ಎರಡು ಡ್ರಾಪ್ಸ್‌ನಲ್ಲಿ 16 ಇರುವ ಕಣ್ಣಿನಲ್ಲಿ ಇಳಿಕೆ ಕಡಿಮೆ, ಒಂದೆರಡು ಮಿ.ಮೀ. ಸಿಕ್ಕರೂ ಲಾಭವೇ. 10-2 ಟೆಸ್ಟಿನಲ್ಲಿ ನಡುಭಾಗಕ್ಕೆ ಪೆಟ್ಟು ಬಂದಿದೆ ಎಂದು ಕಂಡರೆ ಲೇಸರಿನಲ್ಲಿ ಕಾಲ ಕಳೆಯದೆ ಟ್ರಾಬೆಕ್ಯುಲೆಕ್ಟಮಿ (ದ್ರವ ಹೊರಹೋಗಲು ಹೊಸ ದಾರಿ ಮಾಡುವ) ಶಸ್ತ್ರಚಿಕಿತ್ಸೆಯ ಮಾತಾಡುವುದು ಸರಿ. 11–12ಕ್ಕೆ ತಂದು ನಿಲ್ಲಿಸಲು ಅದಕ್ಕೆ ಸಾಧ್ಯ.

ತಂಗಿಯರನ್ನು ಈ ತಿಂಗಳೇ ಕರೆದುಕೊಂಡು ಹೋಗಿ. ನಮ್ಮ ದೇಶದ ಸಮೀಕ್ಷೆಗಳಲ್ಲಿ ಗ್ಲಾಕೋಮಾ ಇದ್ದ ಹತ್ತರಲ್ಲಿ ಒಂಬತ್ತು ಜನರಿಗೆ ಅದು ಗೊತ್ತೇ ಇರಲಿಲ್ಲ. ಫೀಲ್ಡ್‌ನಲ್ಲಿ ಗೊತ್ತಾಗುವಷ್ಟರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಗ್ಯಾಂಗ್ಲಿಯನ್ ಕೋಶ ಹೋಗಿರುತ್ತದೆ. ಬರೇ ‘ಪ್ರೆಷರ್ ನೋಡಿ’ ಎಂದು ಹೇಳಬೇಡಿ. ಮೂರು ಕೇಳಿ: ಪಾಪೆ ಅಗಲಿಸಿ ನರದ ಪರೀಕ್ಷೆ, ಕಾರ್ನಿಯಾ ದಪ್ಪ, ಮತ್ತು ಗೋನಿಯೋಸ್ಕೋಪಿ, ಎಂದರೆ ದ್ರವ ಹೊರಹೋಗುವ ಕೋನವನ್ನು ಲೆನ್ಸ್ ಇಟ್ಟು ನೋಡುವುದು. ಪಾಪೆ ಅಗಲಿಸುವ ಮೊದಲೇ ಗೋನಿಯೋಸ್ಕೋಪಿ ಆಗಬೇಕು. ನಮ್ಮ ದಕ್ಷಿಣ ಭಾರತದಲ್ಲಿ ಕೋನ ಕಿರಿದಾದವರು ಕಡಿಮೆಯೇನಿಲ್ಲ. ಅದು ಲೆನ್ಸ್ ಇಟ್ಟು ನೋಡದೆ ತಿಳಿಯುವುದಿಲ್ಲ. ಸಂಜೆ ತಲೆನೋವು, ದೀಪದ ಸುತ್ತ ಬಣ್ಣದ ಬಳೆ ಕಾಣುವುದು ಇದ್ದರೆ ಅದನ್ನೂ ಹೇಳಿ.

ಹೊಸ_ವಿದ್ಯಾರ್ಥಿನಿ

ಪ್ರಾಜೆಕ್ಟಿಗೆ ನರರಕ್ಷಣೆಯ ಹಳೆ ಪ್ರಬಂಧಗಳನ್ನು ಓದ್ತಾ ಇದ್ದೇನೆ. ಆರ್‌ಜಿಸಿ-5 ಎಂಬ ಕೋಶಗಳಲ್ಲಿ ಮಾಡಿದ್ದು ತುಂಬಾ ಸಿಗ್ತದೆ. ಅದನ್ನೇ ತರಿಸಬಹುದಾ ಸರ್? ಮುಂದೆ ಆಸೆ ಇಡುವಂಥದ್ದು ಏನಾದ್ರೂ ಉಂಟಾ?

ಬೆಂಚ್_ವರ್ಕ್

ಬೇಡ ಅಮ್ಮಾ. 2001ರಲ್ಲಿ ಅದು ರ‍್ಯಾಟ್ ಇಲಿಯ ಗ್ಯಾಂಗ್ಲಿಯನ್ ಕೋಶ ಎಂದು ಬಂತು. 2009ರಲ್ಲಿ ಅದು ಮೌಸ್ ಇಲಿಯದ್ದು ಎಂದು ಗೊತ್ತಾಯಿತು, 2013ರಲ್ಲಿ 661ಡಬ್ಲ್ಯೂ ಎಂಬ ಬೆಳಕುಗ್ರಾಹಿ ವಂಶದ ಕೋಶವೇ ಎಂದು ಸಾಬೀತಾಯಿತು. ಆ ಕೋಶದಲ್ಲಿ ಸಿಕ್ಕ ‘ನರರಕ್ಷಣೆ’ ಫಲಿತಾಂಶವನ್ನು ಗ್ಯಾಂಗ್ಲಿಯನ್ ಕೋಶಕ್ಕೆ ಅನ್ವಯಿಸಲು ಬರುವುದಿಲ್ಲ, ಪ್ರಬಂಧ ಎಷ್ಟೇ ಸಲ ಉಲ್ಲೇಖ ಆಗಿರಲಿ. ಥೈ-1 ಪ್ರತಿಕಾಯದಿಂದ ಬೇರ್ಪಡಿಸಿದ ಪ್ರಾಥಮಿಕ ಕೋಶ, ಇಲ್ಲವೇ ಕಾಂಡಕೋಶದಿಂದ ಬೆಳೆಸಿದ್ದು ಬಳಸಿ. ಎಣಿಸುವಾಗ ಅಕ್ಷಿಪಟಲವನ್ನು ಪೂರ್ತಿ ಹರವಿ, ಗ್ಯಾಂಗ್ಲಿಯನ್ ಕೋಶದ ಗುರುತಿನ ಪ್ರೋಟೀನಾದ ಆರ್‌ಬಿಪಿಎಂಎಸ್‌ಗೆ ಬಣ್ಣ ಹಾಕಿ. ಬಿಆರ್‌ಎನ್3ಎ ಎಂಬ ಇನ್ನೊಂದು ಗುರುತಿನ ಪ್ರೋಟೀನನ್ನು ಮಾತ್ರ ನಂಬಿದರೆ ಕಷ್ಟ, ಪೆಟ್ಟು ಬಿದ್ದ ಕೋಶ ಸಾಯುವ ಮೊದಲೇ ಅದನ್ನು ಕಡಿಮೆ ಮಾಡಿಕೊಳ್ಳುತ್ತದೆ. ಬದುಕಿರುವುದನ್ನು ಸತ್ತದ್ದೆಂದು ಎಣಿಸುತ್ತೀರಿ. ನಡುಭಾಗ ಮತ್ತು ಅಂಚು ಎರಡೂ ಕಡೆ ಸಮ ಸಂಖ್ಯೆಯ ಚೌಕ ತೆಗೆಯಿರಿ, ಎಣಿಸುವವರಿಗೆ ಯಾವ ಕಣ್ಣು ಯಾವ ಗುಂಪಿನದ್ದು ಎಂದು ಗೊತ್ತಿರಬಾರದು.

ಆಸೆ ಇಡಲು ಕಾರಣ ಇದೆ. 2025ರ ಮಾರ್ಚಿನಲ್ಲಿ ಅಮೆರಿಕದಲ್ಲಿ, ಸಿಎನ್‌ಟಿಎಫ್ ಎಂಬ ಪೋಷಕ ಪ್ರೋಟೀನನ್ನು ಕಣ್ಣಿನೊಳಗೇ ಸದಾ ಸ್ರವಿಸುವ ಕೋಶ ತುಂಬಿದ ಪುಟ್ಟ ಕ್ಯಾಪ್ಸೂಲಿಗೆ ಒಪ್ಪಿಗೆ ಸಿಕ್ಕಿತು. ಅದು ಮ್ಯಾಕ್ಯುಲಾರ್ ಟೆಲಾಂಜಿಯೆಕ್ಟೇಸಿಯಾ ಎಂಬ, ಅಕ್ಷಿಪಟಲದ ನಡುಭಾಗದ ಕಾಯಿಲೆಯ ಎರಡನೇ ಬಗೆಗೆ, ಅಲ್ಲಿ ಕಾಯುವುದು ಬೆಳಕುಗ್ರಾಹಿ ಕೋಶಗಳನ್ನು. ಅದೇ ಕ್ಯಾಪ್ಸೂಲನ್ನು ಗ್ಲಾಕೋಮಾದಲ್ಲೂ ಪರೀಕ್ಷೆಗೆ ಹಚ್ಚಿದ್ದಾರೆ.

ಪಡುಬಿದ್ರಿ_ಮನೆ

ವೈದ್ಯರ ಹತ್ತಿರ ಮಾತಾಡಿ ಬಂದೆವು. ಟಾರ್ಗೆಟ್ 12 ಅಂತ ಫೈಲ್‌ನಲ್ಲಿ ಬರೆಸಿದೆ. ರಾತ್ರಿಯ ಟಿಮೊಲಾಲ್ ತೆಗೆದು, ಟಿಮೊಲಾಲ್ ಬೆಳಗ್ಗೆ ಮಾತ್ರ, ಬ್ರಿನ್ಝೊಲಮೈಡ್ ದಿನಕ್ಕೆ ಎರಡು ಸಲ, ಲಟಾನೊಪ್ರೋಸ್ಟ್ ರಾತ್ರಿ. 10-2 ಮತ್ತು 24 ಗಂಟೆ ಬಿಪಿ ಬರೆದು ಕೊಟ್ಟಿದ್ದಾರೆ. ಮೂರು ಡ್ರಾಪ್ಸ್ ಹೊತ್ತು ಹೇಗೆ ಹೊಂದಿಸುವುದು?

ಮೆಡಿಕಲ್_ಕೌಂಟರ್

ಬೆಳಗ್ಗೆ 7ಕ್ಕೆ ಟಿಮೊಲಾಲ್, 7.10ಕ್ಕೆ ಬ್ರಿನ್ಝೊಲಮೈಡ್. ರಾತ್ರಿ 8ಕ್ಕೆ ಬ್ರಿನ್ಝೊಲಮೈಡ್, 9ಕ್ಕೆ ಲಟಾನೊಪ್ರೋಸ್ಟ್. ಬ್ರಿನ್ಝೊಲಮೈಡ್ ಹಾಲಿನ ಹಾಗೆ ಬೆಳ್ಳಗೆ ಇರ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಿ ಹಾಕಬೇಕು. ಇಲ್ಲದಿದ್ರೆ ಮದ್ದು ತಳದಲ್ಲೇ ಉಳೀತದೆ. ಹಾಕಿದ ಮೇಲೆ ಸ್ವಲ್ಪ ಹೊತ್ತು ಮಸುಕು, ಬಾಯಿ ಕಹಿ, ಎರಡೂ ಸಹಜ. ಮೂಲೆ ಒತ್ತಿ ಹಿಡಿದರೆ ಕಹಿ ಕಡಿಮೆ ಆಗ್ತದೆ. ಸಲ್ಫಾ ಮದ್ದಿಗೆ ಅಮ್ಮನಿಗೆ ಅಲರ್ಜಿ ಇದ್ದರೆ ಹಾಕುವ ಮೊದಲೇ ವೈದ್ಯರಿಗೆ ಫೋನ್ ಮಾಡಿ. ಒತ್ತಡ ಚೆಕ್ ಮಾಡಿಸುವ ದಿನವೂ ಬೆಳಗ್ಗಿನ ಎರಡೂ ಡ್ರಾಪ್ಸ್ ಹಾಕಿಯೇ ಹೊರಡಿ, ಬಾಟ್ಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.